ದಬ್‌ದಬಿಯ ಸೀಸನ್

ಪ್ರವಾಸ ಕೈಪಿಡಿಗಳಲ್ಲಿ ಊರು ಯಾವುದೇ ಇರಲಿ, ಒಂದು ಸಾಲು ತಪ್ಪುವುದಿಲ್ಲ: ಭೇಟಿಗೆ ಸೂಕ್ತ ಕಾಲ, ಅಕ್ಟೋಬರ್‌ನಿಂದ ಫೆಬ್ರುವರಿ. ಹಂಪಿಗೂ ಅದೇ, ಬೀದರಿಗೂ ಅದೇ, ಯಾದಗಿರಿ ಜಿಲ್ಲೆಯ ನಮ್ಮ ಗುರುಮಠಕಲ್ಲಿಗೂ ಅದೇ ಚೀಟಿ. ಪೂರ್ತಿ ಸುಳ್ಳೇನಲ್ಲ. ಮೇ ತಿಂಗಳ ಮಧ್ಯಾಹ್ನ ಇಲ್ಲಿನ ಬಂಡೆಯ ಮೇಲೆ ಬರಿಗಾಲಿಟ್ಟವರು ತಕರಾರಿಲ್ಲದೆ ಒಪ್ಪುತ್ತಾರೆ. ಆದರೆ ಆ ಸಾಲು ಬರುವವರ ಮೈಗೆ ಹಿತವಾದ ಕಾಲವನ್ನಷ್ಟೇ ಲೆಕ್ಕ ಹಾಕಿದೆ. ಊರಿನ ಲೆಕ್ಕ ಅದಕ್ಕೆ ಬೇಕಾಗಿಲ್ಲ.

ನಜರಾಪುರದ ಜಲಪಾತವನ್ನೇ ನೋಡಿ. ಜನ ಅದನ್ನು ದಬ್‌ದಬಿ ಎನ್ನುತ್ತಾರೆ, ಹೆಸರಲ್ಲೇ ಸದ್ದಿದೆ. ಅದು ಮಳೆಯನ್ನು ನಂಬಿದ ಹಳ್ಳ. ಕೈಪಿಡಿ ಓದಿ ಜನವರಿಯಲ್ಲಿ ಹೋದವರಿಗೆ ತಂಗಾಳಿ, ನೀಲಿ ಆಕಾಶ ಎಲ್ಲ ಸಿಗುತ್ತದೆ, ಹೆಸರಿಗೆ ತಕ್ಕ ಸದ್ದೊಂದು ಬಿಟ್ಟು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೋದರೆ ಕೆಂಪು ನೀರು ಧುಮುಕುವುದು ಕಾಣುವ ಮೊದಲೇ ಕೇಳಿಸುತ್ತದೆ. ಚಪ್ಪಲಿಗೆ ಎರೆಮಣ್ಣು ಮೆತ್ತಿ ಕಾಲು ಎತ್ತಲಾಗುವುದಿಲ್ಲ, ಪಾಚಿಗಟ್ಟಿದ ಕಲ್ಲು ಜಾರುತ್ತದೆ, ಸೆಲ್ಫಿಯ ಹುಚ್ಚಿದ್ದವರು ದೂರವೇ ನಿಲ್ಲಬೇಕು. ಅಷ್ಟಾದರೂ ನನ್ನ ಓಟು ಮಳೆಗಾಲಕ್ಕೇ.

ಇನ್ನೂ ಖಚಿತವಾಗಿ ಹೇಳು ಎಂದರೆ, ಸೆಪ್ಟೆಂಬರ್‌ನ ಕೊನೆ ಎನ್ನುತ್ತೇನೆ. ಮಳೆ ಹಿಂದೆ ಸರಿಯುತ್ತಿರುತ್ತದೆ, ಹಳ್ಳದಲ್ಲಿ ನೀರು ಇನ್ನೂ ಇರುತ್ತದೆ, ಗುಡ್ಡದ ಸೀತಾಫಲ ಕಣ್ಣು ಬಿಡಲು ಶುರುಮಾಡುತ್ತದೆ. ಕಾಯಿಯ ಹಸಿರು ಗುಬ್ಬಿಗಳ ನಡುವಿನ ಗೆರೆ ಅಗಲವಾಗಿ, ಬೆಣ್ಣೆ ಬಣ್ಣಕ್ಕೆ ತಿರುಗುವುದೇ ಕಣ್ಣು ಬಿಡುವುದು. ಅಂಥದ್ದನ್ನು ಕಿತ್ತು ಹುಲ್ಲಲ್ಲಿ ಮುಚ್ಚಿಟ್ಟರೆ ಎರಡು ಮೂರು ದಿನಕ್ಕೆ ಹಣ್ಣು. ಕಣ್ಣು ಬಿಡದ್ದನ್ನು ಇಟ್ಟರೆ ಕಪ್ಪಾಗಿ, ಕಲ್ಲಾಗಿ ಕೂರುತ್ತದೆ. ದಾರಿಬದಿ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕೈಪಿಡಿ ಬರೆಯುವವರು ಒಮ್ಮೆ ಅವರ ಪಕ್ಕ ಕೂರಬಹುದಿತ್ತು.

ಜರ್ಮನಿಯ ಮ್ಯೂನಿಕ್ ನಗರದವರು ಈ ವಿಷಯದಲ್ಲಿ ಜಾಣರು. 1810ರ ಅಕ್ಟೋಬರ್‌ನಲ್ಲಿ ರಾಜಮನೆತನದ ಮದುವೆಯಿಂದ ಹುಟ್ಟಿದ ಅವರ ಅಕ್ಟೋಬರ್ ಉತ್ಸವ ಈಗ ಸೆಪ್ಟೆಂಬರ್‌ನಲ್ಲೇ ಆರಂಭವಾಗುತ್ತದೆ. ಚಳಿ ಹೆಚ್ಚುವ ಮೊದಲೇ ಮುಗಿಯಲಿ ಎಂದು ಹಿಂದಕ್ಕೆ ತಂದರು, ಹೆಸರು ಮಾತ್ರ ಹಳೆಯದೇ ಉಳಿಯಿತು. ಹವೆಗೆ ತಕ್ಕಂತೆ ಹಬ್ಬವನ್ನೇ ಸರಿಸಿದ ಊರಿಗೆ ಹೋಗಲು ಒಳ್ಳೆಯ ತಿಂಗಳು ಯಾವುದೆಂದು ಸಲೀಸಾಗಿ ಹೇಳಬಹುದು.

ನಮ್ಮ ಕಡೆ ಹಾಗಲ್ಲ. ಮೈಲಾಪುರದ ಮಲ್ಲಯ್ಯನ ಜಾತ್ರೆ ಸಂಕ್ರಾಂತಿಗೆ ಕಟ್ಟುಬಿದ್ದಿದೆ, ಹಾಗಾಗಿ ಅದೊಂದು ಹೇಗೋ ಕೈಪಿಡಿಯ ಚಳಿಗಾಲದಲ್ಲಿ ಸೇರಿಕೊಂಡಿತು. ಅಲಾಯಿ ಕುಣಿ ತೋಡಿ ಬೆಂಕಿ ಹಾಕುವ ಮೊಹರಂ ಯಾವ ತಿಂಗಳಿಗೂ ಸಿಗುವುದಿಲ್ಲ. ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ, 2018ರಲ್ಲಿ ಸೆಪ್ಟೆಂಬರ್‌ನಲ್ಲಿದ್ದದ್ದು 2025ರಲ್ಲಿ ಜುಲೈ ಮೊದಲ ವಾರಕ್ಕೆ ಬಂತು. ಇನ್ನು ಕೆಲವು ವರ್ಷಗಳಲ್ಲಿ ಉರಿಬಿಸಿಲಿನ ಮೇಗೂ ಬರುತ್ತದೆ. ಆಗಲೂ ದುಡಿಯಲು ಬೆಂಗಳೂರು, ಹೈದರಾಬಾದಿಗೆ ಹೋದವರು ಬ್ಯಾಗು ಕಟ್ಟುತ್ತಾರೆ. ಹೊರಡುವ ಮುನ್ನ ಊರಿಗೆ ಫೋನ್ ಹಚ್ಚಿ ಅವರು ಕೇಳುವುದು ಬಿಸಿಲು ಎಷ್ಟಿದೆ ಎಂದಲ್ಲ, ‘ಅಲಾಯಿ ಕುಣಿಗೆ ಗುದ್ದಲಿ ಬಿತ್ತೇನಪಾ?’ ಎಂದು.