‘ಪ್ರತಿಜ್ಞಾಸಂನ್ಯಾಸ’ವೂ ಗೆಲಿಲಿಯೋವಿನ ಶಪಥವೂ

ಒಬ್ಬನು ತಾನು ಪ್ರತಿಪಾದಿಸಿದ ಅಭಿಪ್ರಾಯವನ್ನು ಹತ್ತು ಜನರೆದುರಿಗೆ ಬಿಟ್ಟುಕೊಟ್ಟರೆ ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ನ್ಯಾಯಶಾಸ್ತ್ರವನ್ನೋದಿದವರಿಗೆ ಥಟ್ಟನೆ ಹೊಳೆಯುವುದು ‘ಪ್ರತಿಜ್ಞಾಸಂನ್ಯಾಸ’. ನಾನೂ ಬಹುಕಾಲ ಹಾಗೆಯೇ ಪಾಠ ಹೇಳಿದ್ದೆನು. ಪದವೇನೋ ಗಂಭೀರವಾಗಿದೆ, ಅರ್ಥವು ಮಾತ್ರ ಹೊಂದುವುದಿಲ್ಲ.

ಗೌತಮನು ಹೇಳಿದ 22 ನಿಗ್ರಹಸ್ಥಾನಗಳಲ್ಲಿ ಇದೂ ಒಂದು. ವಾತ್ಸ್ಯಾಯನಭಾಷ್ಯದ ಉದಾಹರಣೆಯನ್ನು ನೋಡಬೇಕು. ಇಂದ್ರಿಯಗ್ರಾಹ್ಯವಾದುದರಿಂದ ಶಬ್ದವು ಅನಿತ್ಯವೆಂದು ವಾದಿಯ ಪ್ರತಿಜ್ಞೆ. ಜಾತಿಯೂ ಇಂದ್ರಿಯಗ್ರಾಹ್ಯವೇ, ಆದರೂ ನಿತ್ಯವಲ್ಲವೆ ಎಂದು ಪ್ರತಿವಾದಿಯು ಕೇಳಿದೊಡನೆ, ಶಬ್ದವು ಅನಿತ್ಯವೆಂದವರಾರು ಎಂದು ವಾದಿಯು ಜಾರಿಕೊಳ್ಳುತ್ತಾನೆ. ಇಲ್ಲಿ ಅಭಿಪ್ರಾಯವನ್ನು ಬಿಟ್ಟದ್ದಲ್ಲ. ಆಡಿದ ಮಾತನ್ನೇ ಆಡಿಲ್ಲವೆಂದದ್ದು. ‘ಪ್ರತಿಜ್ಞಾಹಾನಿ’ಯೂ ಒದಗದು. ಅಲ್ಲಿ ವಾದಿಯು ಎದುರಾಳಿಯ ದೃಷ್ಟಾಂತದ ಧರ್ಮವನ್ನು ತನ್ನ ದೃಷ್ಟಾಂತಕ್ಕೂ ಒಪ್ಪಿಕೊಂಡು ಪ್ರತಿಜ್ಞೆಯನ್ನು ಕಳೆದುಕೊಳ್ಳುತ್ತಾನೆ, ತೊರೆಯುವುದಿಲ್ಲ.

ಇದಕ್ಕೆದುರಾಗಿ ಇಟಲಿಯ ಜ್ಯೋತಿರ್ವಿದ ಗೆಲಿಲಿಯೋವಿನ ವೃತ್ತಾಂತವನ್ನಿಡೋಣ. 1633ನೆಯ ಇಸವಿ ಜೂನ್ 22ರಂದು, ರೋಮಿನ ಮಿನರ್ವಾ ಮಠದಲ್ಲಿ, ಆತನು ಮೊಣಕಾಲೂರಿ, ಸೂರ್ಯನು ಸ್ಥಿರನು, ಭೂಮಿಯು ಚಲಿಸುವುದು ಎಂಬ ಮತವನ್ನು ತೊರೆದು, ಶಪಿಸಿ, ಹೇಸುವೆನೆಂದು ಓದಿ ಹೇಳಿದನು. ಗ್ರಂಥವನ್ನು ಬರೆದು ಅಚ್ಚುಹಾಕಿಸಿದ್ದನ್ನು ಅಲ್ಲಗಳೆಯಲಿಲ್ಲ, ಅದನ್ನೊಪ್ಪಿಕೊಂಡೇ ತೊರೆದನು. ವಾದದಲ್ಲಿ ಸೋತುದೂ ಅಲ್ಲ. ಎದುರಿಗಿದ್ದವರು ಪ್ರತಿವಾದಿಗಳಲ್ಲ, ದಂಡಿಸುವ ಅಧಿಕಾರವುಳ್ಳವರು. ಅಲ್ಲಿ ಬಳಸಿದ ಕ್ರಿಯಾಪದವು ಲ್ಯಾಟಿನ್ ಮೂಲದ್ದು. ಅದರ ಅವಯವಾರ್ಥವು ‘ಆಣೆಯಿಟ್ಟು ದೂರಮಾಡುವುದು’ ಎಂದು.

ಹಾಗಾದರೆ ‘ಶಪಥತ್ಯಾಗ’ವೆನ್ನೋಣವೆ? ತೃತೀಯಾತತ್ಪುರುಷವೆಂದು ನಾವು ವಿಗ್ರಹ ಹೇಳಬಹುದು. ಓದುಗನು ಷಷ್ಠಿಯನ್ನೇ ಹಿಡಿದು, ಆಣೆಯನ್ನು ಮುರಿದನೆಂದು ತಿಳಿಯುವನು. ‘ಮತತ್ಯಾಗ’ವೆಂದರೆ ಧರ್ಮಾಂತರದ ಶಂಕೆ ಹುಟ್ಟುತ್ತದೆ, ಗೆಲಿಲಿಯೋ ಕಡೆಯವರೆಗೂ ಕ್ಯಾಥೊಲಿಕನೇ. ‘ಪಕ್ಷತ್ಯಾಗ’ವನ್ನಂತೂ ವೃತ್ತಪತ್ರಿಕೆಗಳು ರಾಜಕಾರಣಿಗಳಿಗೆ ಬರೆದುಕೊಟ್ಟಿವೆ!

ಇವೆಲ್ಲಕ್ಕಿಂತ ಅನ್ಯಾಯವಾದುದು ‘ಅಭಿಪ್ರಾಯವನ್ನು ಬದಲಾಯಿಸಿದನು’ ಎಂಬ ಬರೆಹ. ಮನಸ್ಸು ಬದಲಾಯಿತೆಂಬುದಕ್ಕೆ ಆ ಶಪಥವು ಪ್ರಮಾಣವಾಗಲಾರದು. ಕಂಡುದನ್ನು ಕಂಡಂತೆ ತಿಳಿಸಬೇಕೆಂಬ ಇಚ್ಛೆಯಿಂದ ನುಡಿಯುವವನಲ್ಲವೆ ಆಪ್ತನು? ದಂಡಭಯದಿಂದ ಹೊರಟ ವಾಕ್ಯವನ್ನು ಆಪ್ತವಾಕ್ಯವೆಂದು ಹಿಡಿದು ವಿದ್ಯಾರ್ಥಿಗಳಿಗೆ ಒಪ್ಪಿಸುವುದು ಶಾಸ್ತ್ರಕ್ಕೂ ಸಮ್ಮತವಲ್ಲ, ಆ ಮುದುಕನಿಗೂ ನ್ಯಾಯವಲ್ಲ.

ಆದುದರಿಂದ ‘ಆಣೆಯಿಟ್ಟು ತೊರೆದನು’ ಎಂಬ ಅಚ್ಚಗನ್ನಡವೇ ಸಾಕು. ‘ಆಣೆಯಿಡಿಸಿ ತೊರೆಯಿಸಿದರು’ ಎಂದರೆ ಇನ್ನೂ ಲೇಸು. ಪ್ರೇರಣಾರ್ಥಕದಲ್ಲಿ, ಮಾಡಿಸಿದವರು ಬೇರೆ ಇದ್ದರೆಂಬುದು ಮುಚ್ಚಿಹೋಗುವುದಿಲ್ಲ.