ಈಮಾನ್, ಅರ್ಥ ಮತ್ತು ಗವಾಹಿ

ದೇವರನ್ನು ನಂಬದವನ ಬದುಕಿಗೆ ಅರ್ಥ ಇದೆಯಾ? ನಮ್ಮ ಕೂಟಗಳಲ್ಲಿ ಈ ಪ್ರಶ್ನೆ ಎದ್ದಾಗೆಲ್ಲ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಈಮಾನ್ ಇಲ್ಲದ ಬದುಕು ಎಣ್ಣೆಯಿಲ್ಲದ ದೀಪ ಅಂತ ಒಬ್ಬರು ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ವಿಚಾರವಾದಿ ಗೆಳೆಯರ ಸಭೆಗೆ ಹೋದರೆ ಅಲ್ಲೂ ಉತ್ತರ ಸಿದ್ಧ: ನಮಾಜು ಮಾಡುವವನು ತನ್ನ ಯೋಚನೆಯನ್ನು ಇನ್ನೊಬ್ಬರಿಗೆ ಗುತ್ತಿಗೆ ಕೊಟ್ಟವನು. ಈ ಎರಡು ಗುಂಪಿನವರೂ ಒಂದಾದರೂ ಬದುಕನ್ನು ಬಿಚ್ಚಿ ಓದಿದ್ದಾರಾ ಎಂಬುದು ನನ್ನ ಅನುಮಾನ. ಓದುವುದಾದರೆ ಮುಂಬಯಿಯಿಂದ ಶುರು ಮಾಡೋಣ. ಆ ಶಹರದಲ್ಲಿ ಈ ಪ್ರಶ್ನೆಯನ್ನು ಬದುಕಿಯೇ ತೋರಿಸಿದ ಇಬ್ಬರು ಮುಸ್ಲಿಮರಿದ್ದರು. ಒಬ್ಬರು ನಂಬಿಕೆ ಬಿಟ್ಟವರು, ಇನ್ನೊಬ್ಬರು ಕೊನೆಯವರೆಗೂ ಹಿಡಿದುಕೊಂಡವರು.

ಮೊದಲನೆಯವರು ಹಮೀದ್ ದಳವಾಯಿ. 1932ರಲ್ಲಿ ಕೊಂಕಣದ ಚಿಪಳೂಣ ಬಳಿಯ ಮಿರಜೋಳಿಯಲ್ಲಿ ಹುಟ್ಟಿದವರು, ಮರಾಠಿಯಲ್ಲಿ 'ಇಂಧನ' ಎಂಬ ಕಾದಂಬರಿ ಬರೆದವರು. 1966ರ ಏಪ್ರಿಲ್ 18ರಂದು ಅವರು ಏಳು ಮಂದಿ ಮುಸ್ಲಿಮ್ ಹೆಣ್ಣುಮಕ್ಕಳನ್ನು ಕರೆದುಕೊಂಡು ಮುಂಬಯಿಯ ವಿಧಾನಮಂಡಲಕ್ಕೆ ಮೆರವಣಿಗೆ ಹೋದರು. ಬಾಯಿಮಾತಿನ ಮೂರು ತಲಾಖನ್ನು ನಿಲ್ಲಿಸಿ ಎಂಬುದು ಬೇಡಿಕೆ. ಏಳೇ ಜನ! ಇವತ್ತು ನಮ್ಮ ಒಂದು ಮದುವೆಗೆ ಬರುವ ಒಂದು ರಿಕ್ಷಾದವರಿಗಿಂತ ಸ್ವಲ್ಪ ಹೆಚ್ಚು. 1970ರಲ್ಲಿ ಪುಣೆಯಲ್ಲಿ ಮುಸ್ಲಿಮ್ ಸತ್ಯಶೋಧಕ ಮಂಡಳ ಕಟ್ಟಿದರು. 1977ರ ಮೇ 3ರಂದು, ಇನ್ನೂ 44ರ ಪ್ರಾಯದಲ್ಲಿ, ಕಿಡ್ನಿ ಕಾಯಿಲೆಯಿಂದ ಮುಂಬಯಿಯಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ದಹನವಾಯಿತು. ಜನಾಜಾ ಇಲ್ಲ, ಖಬರ್ ಇಲ್ಲ.

ಎರಡನೆಯವರು ಅಸ್ಗರ್ ಅಲಿ ಇಂಜಿನಿಯರ್. 1939ರಲ್ಲಿ ರಾಜಸ್ಥಾನದ ಸಲುಂಬರ್‌ನಲ್ಲಿ ಬೋಹ್ರಾ ಧರ್ಮಗುರುವಿನ ಮಗನಾಗಿ ಹುಟ್ಟಿ, ಮುಂಬಯಿ ನಗರಪಾಲಿಕೆಯಲ್ಲಿ ವರ್ಷಗಟ್ಟಲೆ ಇಂಜಿನಿಯರ್ ಆಗಿ ದುಡಿದವರು. ಬೋಹ್ರಾ ಸುಧಾರಣಾ ಚಳವಳಿಗೆ ಇಳಿದು ಪಂಗಡದ ಬಹಿಷ್ಕಾರ ಉಂಡರು. ಆದರೂ ಕುರ್‌ಆನ್ ಬಿಡಲಿಲ್ಲ. ಅದನ್ನೇ ಮತ್ತೆ ಮತ್ತೆ ಓದಿ, ಹೆಣ್ಣಿನ ಹಕ್ಕು ಅದರೊಳಗೇ ಇದೆ ಅಂತ ವಾದಿಸಿದರು. 1985ರ ಶಾ ಬಾನೊ ತೀರ್ಪಿನ ಗದ್ದಲದಲ್ಲಿ ಆಕೆಯ ಪರ ನಿಂತರು. 2011ರಲ್ಲಿ ಬಂದ ತಮ್ಮ ಆತ್ಮಕಥೆಗೆ ಇಟ್ಟ ಹೆಸರಿನ ಅರ್ಥ 'ಜೀವಂತ ನಂಬಿಕೆ'. 2013ರ ಮೇನಲ್ಲಿ ತೀರಿಕೊಂಡಾಗ ಸಾಂತಾಕ್ರೂಜ್‌ನ ಸುನ್ನಿ ಖಬರಸ್ತಾನ್‌ನಲ್ಲಿ ದಫನ್ ಆದರು.

ಈಗ ನೀವೇ ಹೇಳಿ, ಇವರಲ್ಲಿ ಯಾರ ಬದುಕಿಗೆ ಅರ್ಥ ಇತ್ತು? ಒಬ್ಬರು ಗ್ರಂಥವನ್ನು ಮುಚ್ಚಿಟ್ಟು ಹೊರಟರು, ಇನ್ನೊಬ್ಬರು ತೆರೆದಿಟ್ಟುಕೊಂಡು ಹೊರಟರು. ಇಬ್ಬರೂ ಹೋಗಿ ನಿಂತದ್ದು ಮನೆಯಿಂದ ಹೊರಬಿದ್ದ ಹೆಣ್ಣಿನ ಹತ್ತಿರ. ಮೂರು ತಲಾಖ್ ಅಸಿಂಧು ಅಂತ ಸುಪ್ರೀಂ ಕೋರ್ಟು ಹೇಳಿದ್ದು 2017ರಲ್ಲಿ, ಆ ಮೆರವಣಿಗೆಯಾಗಿ 51 ವರ್ಷಗಳ ಮೇಲೆ. ನಮ್ಮವರು ದಳವಾಯಿಯ ಬದುಕು ಬರ್ಬಾದ್ ಆಯ್ತು ಅನ್ನುತ್ತಾರೆ. ವಿಚಾರವಾದಿಗಳು ಇಂಜಿನಿಯರ್ ಅರ್ಧ ದಾರಿಯಲ್ಲೇ ನಿಂತರು ಅನ್ನುತ್ತಾರೆ. ಎರಡೂ ಮಾತು ಆ ಬದುಕುಗಳ ಕೊನೆಯ ಪುಟ ಮಾತ್ರ ನೋಡಿ ಬರೆದ ವಿಮರ್ಶೆ.

ಹಾಗಾದರೆ ನಂಬಿಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎನ್ನಬಹುದಾ? ಅಷ್ಟು ಸುಲಭಕ್ಕೆ ಬಿಡಲಾಗದು. ಇಲ್ಲಿ ನನಗೆ ನೆರವಿಗೆ ಬರುವುದು ಮುಂಬಯಿಯಲ್ಲೇ ನಡೆಯುವ ಒಂದು ಕನ್ನಡ ಕಾದಂಬರಿ, ಯಶವಂತ ಚಿತ್ತಾಲರ 'ಶಿಕಾರಿ' (1979). ಹನೇಹಳ್ಳಿಯಿಂದ ಬಂದು ಮುಂಬಯಿಯ ಉದ್ಯಮ ಜಗತ್ತನ್ನು ಒಳಗಿನಿಂದ ಕಂಡ ಲೇಖಕ ಅವರು. ಕಥಾನಾಯಕ ನಾಗಪ್ಪ ಕಂಪನಿಯೊಂದರ ಅಧಿಕಾರಿ. ತನ್ನ ತಪ್ಪೇನೆಂದು ತಿಳಿಯದೆಯೇ ಅಮಾನತಾಗುತ್ತಾನೆ. ಆಮೇಲೆ ಅವನು ತನ್ನ ಇಡೀ ಹಿಂದನ್ನು ತಾನೇ ಕೆದಕುತ್ತಾ ಕೂರುತ್ತಾನೆ. ವಿಮರ್ಶಕರು ಇದನ್ನು ಕಾಫ್ಕಾನ ಜೊತೆ ಇಟ್ಟು, ಅಸ್ತಿತ್ವವಾದದ ಚೌಕಟ್ಟಿನಲ್ಲಿ ಓದಿದ್ದಾರೆ. ಅದು ಸರಿಯೇ. ಆದರೆ ಮುಸ್ಲಿಮ್ ಓದುಗನಿಗೆ ಅಲ್ಲಿ ಬೇರೆ ಒಂದು ಭಯ ಕಾಣುತ್ತದೆ. ನಾಗಪ್ಪ ಅಪರಾಧಿಯೋ ನಿರಪರಾಧಿಯೋ ಎಂಬುದನ್ನು ಪೂರ್ತಿ ಬಲ್ಲವರು ಆ ಲೋಕದಲ್ಲಿ ಯಾರೂ ಇಲ್ಲ. ಅವನ ಪರವಾಗಿ ಗವಾಹಿ ಹೇಳುವವರಿಲ್ಲ. ಕೆಲಸ ಹೋದದ್ದಕ್ಕಿಂತ ಅವನನ್ನು ಹೆಚ್ಚು ತಿನ್ನುವುದು ಇದೇ, ಸಾಕ್ಷಿಯಿಲ್ಲದಿರುವುದು.

ನಂಬಿಕೆ ಕೊಡುವುದೇನು ಅಂತ ನನಗೆ ಸ್ಪಷ್ಟವಾದದ್ದು ಈ ಕಾದಂಬರಿಯಿಂದ. ಎದೆಯೊಳಗಿನದನ್ನು ಬಲ್ಲವನು ಒಬ್ಬನಿದ್ದಾನೆ, ಜಗತ್ತು ತಪ್ಪಾಗಿ ಬರೆದ ತೀರ್ಪು ಕೊನೆಯ ತೀರ್ಪಲ್ಲ ಎಂಬ ಧೈರ್ಯ. ಸುಳ್ಳು ಕೇಸಿನಲ್ಲಿ ಮಗನನ್ನು ಜೈಲಿಗೆ ಕಳಿಸಿದ ತಾಯಿಗೆ ಇದು ಸಣ್ಣ ಆಸರೆಯಲ್ಲ. ಇದನ್ನು ಅಫೀಮು ಅಂತ ತಳ್ಳಿಹಾಕುವವರು ಆ ತಾಯಿಗೆ ಬದಲಿಗೆ ಏನು ಕೊಡುತ್ತೇವೆ ಅಂತಲೂ ಹೇಳಬೇಕು. ನನ್ನ ಪಕ್ಷ ಇಲ್ಲಿ ಈಮಾನಿನದೇ. ಮುಚ್ಚಿಡಲು ಏನೂ ಇಲ್ಲ.

ಆದರೆ ಇದೇ ಧೈರ್ಯ ಸೋಮಾರಿತನವೂ ಆಗುತ್ತದೆ. ಅಲ್ಲಾಹ್ ನೋಡುತ್ತಿದ್ದಾನೆ ಅಂದುಕೊಂಡು ನಾವು ನೋಡುವುದನ್ನೇ ಬಿಟ್ಟುಬಿಡುತ್ತೇವೆ. ಪಕ್ಕದ ಮನೆಯ ಹೆಣ್ಣು ಮೂರು ಮಾತಿಗೆ ಬೀದಿಗೆ ಬಿದ್ದಾಗ ಸಬರ್ ಮಾಡು ಅಂತ ಹೇಳಿ ಬಾಗಿಲು ಹಾಕಿಕೊಂಡವರಲ್ಲಿ ಐದು ಹೊತ್ತಿನ ನಮಾಜಿಗಳೇನೂ ಕಡಿಮೆ ಇರಲಿಲ್ಲ. ನಮ್ಮ ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಬರೆದು ಇದನ್ನೇ ಹೇಳಿದಾಗ ಸಿಟ್ಟಾದವರು ಎಷ್ಟು ಮಂದಿ!

ಜಯಂತ ಕಾಯ್ಕಿಣಿಯವರ 'ಒಪೆರಾ ಹೌಸ್' ಕಥೆ ಓದಿದ್ದೀರಾ? ಮುಂಬಯಿಯ ಹಳೇ ಚಿತ್ರಮಂದಿರ ಗುಡಿಸುವ ಇಂದ್ರನೀಲನಿಗೆ ಯಾರೋ ಬಿಟ್ಟುಹೋದ ಒಂದು ಫ್ಲಾಸ್ಕ್ ಸಿಗುತ್ತದೆ. ಕಂಡಿಲ್ಲದ ಆ ಯಾರೋ ಅವನ ಮನಸ್ಸನ್ನು ಬಿಡುವುದಿಲ್ಲ. ಈ ಕಥೆಯ ಜೀವ ದೇವರ ಚರ್ಚೆಯಲ್ಲಿಲ್ಲ. ಗುರುತಿಲ್ಲದವರ ಕಷ್ಟಕ್ಕೆ ತಾನು ಬಾಧ್ಯಸ್ಥ ಎಂದುಕೊಳ್ಳುವ ಒಬ್ಬ ಬಡವನಲ್ಲಿದೆ. 'ಶಿಕಾರಿ'ಯ ಶಹರವೇ ಇದು, ಆದರೆ ಇಲ್ಲಿ ಒಬ್ಬ ಇನ್ನೊಬ್ಬನಿಗೆ ಸಾಕ್ಷಿಯಾಗಲು ಒಪ್ಪಿದ್ದಾನೆ. ಅಷ್ಟಕ್ಕೇ ಲೋಕ ವಾಸಯೋಗ್ಯ ಆಗಿಬಿಡುತ್ತದೆ.

ನಮ್ಮ ದೀನಿನ ಮೊದಲ ಕಂಬದ ಹೆಸರೇ ಶಹಾದತ್, ಅಂದರೆ ಸಾಕ್ಷಿ ಹೇಳುವುದು. ಸೂರಃ ನಿಸಾದ 135ನೇ ಆಯತ್ ನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲಲು ಹೇಳುತ್ತದೆ, ಅದು ಸ್ವಂತಕ್ಕೆ, ತಂದೆತಾಯಿಗೆ ವಿರುದ್ಧವಾದರೂ ಸರಿ. ನಿಸಾ ಅಂದರೆ ಹೆಂಗಸರು ಎಂಬುದನ್ನೂ ನೆನಪಿಡಿ. ಈ ಅಳತೆಗೋಲಿನಲ್ಲಿ ಇಂಜಿನಿಯರ್ ತಾನು ನಂಬಿದ್ದನ್ನು ಮಾಡಿದರು. ದಳವಾಯಿ ತಾನು ನಂಬದ ಗ್ರಂಥದ ಕೆಲಸವನ್ನೇ ಮಾಡಿದರು. ಅವರ ಆಖಿರತ್ ಏನಾಯಿತು ಅಂತ ಹೇಳುವ ಅಧಿಕಾರ ನನಗೂ ಇಲ್ಲ, ನಿಮಗೂ ಇಲ್ಲ. ಅವರ ದುನಿಯಾ ಅರ್ಥವಿಲ್ಲದ್ದು ಅಂತ ಹೇಳಲು ಮಾತ್ರ ಯಾವ ಆಧಾರವೂ ಸಿಗುವುದಿಲ್ಲ.

ಇದು ಬರೀ ತರ್ಕದ ವಿಷಯವಲ್ಲ. 1991ರಲ್ಲಿ ಇಸ್ಮತ್ ಚುಗ್ತಾಯಿ ಮುಂಬಯಿಯಲ್ಲಿ ತೀರಿಕೊಂಡಾಗ ಚಂದನವಾಡಿಯಲ್ಲಿ ದಹನವಾಯಿತು. ಅದನ್ನು ಇವತ್ತಿಗೂ ಎತ್ತಿ ಆಡುವವರಿದ್ದಾರೆ. ಅವರಲ್ಲಿ ಆಕೆಯ ಒಂದು ಕಥೆಯನ್ನಾದರೂ ಓದಿದವರು ಸಿಗುವುದು ಕಷ್ಟ. ನಮ್ಮ ಹತ್ತನೇ ತರಗತಿಯ ಮಕ್ಕಳ ಮನಸ್ಸಿನಲ್ಲೂ ಅನುಮಾನಗಳಿವೆ. ಅನುಮಾನ ಬಂದವನ ಬದುಕು ಮುಗಿಯಿತು ಅಂತ ನಾವು ಹೇಳಿಕೊಟ್ಟರೆ, ಆ ಮಗು ನಮ್ಮೆದುರು ಬಾಯಿ ಮುಚ್ಚುತ್ತದೆ, ಆಮೇಲೆ ನಮ್ಮನ್ನೇ ಬಿಟ್ಟುಹೋಗುತ್ತದೆ. ದಳವಾಯಿಯನ್ನೂ ಇಂಜಿನಿಯರ್‌ರನ್ನೂ ಒಂದೇ ಮೇಜಿನ ಮೇಲಿಟ್ಟು ಆ ಮಗುವಿನ ಜೊತೆ ಕೂತು ಓದಿ. ಜಗಳ ಆಗಲಿ, ಪರವಾಗಿಲ್ಲ. ಓದಿದ ಮೇಲೆ ಆಗಲಿ.