ನೋಟ್ಸ್ ಓದುವ ದನಿ, ಪಾಠ ಹೇಳುವ ದನಿ

ವಿಶ್ವವಿದ್ಯಾಲಯದ ತರಗತಿಯಲ್ಲಿ ಹೇಳಿದ ಪಾಠವನ್ನು ಪಾಡ್‌ಕಾಸ್ಟ್ ಮಾಡಿ ಹಂಚುವುದು ಈಗ ದೊಡ್ಡ ಕೆಲಸವಲ್ಲ. ಮೊಬೈಲಿನಲ್ಲಿ ಮುದ್ರಿಸಿಕೊಂಡ ಧ್ವನಿಯನ್ನು ಒಂದು ಹೋಸ್ಟಿಂಗ್ ಸೇವೆಗೆ ಏರಿಸಿದರೆ, ಅದು ಕಂತಿನ ಹೆಸರು, ವಿವರ, ದಿನಾಂಕ, ಅವಧಿಗಳನ್ನು ಸೇರಿಸಿ ‘ಫೀಡ್’ ಎಂಬ ಪಟ್ಟಿಯೊಂದನ್ನು ತಯಾರಿಸುತ್ತದೆ. ಕೇಳುಗರ ಫೋನಿನಲ್ಲಿರುವ ಆ್ಯಪ್ ಆ ಪಟ್ಟಿಯನ್ನು ಆಗಾಗ ನೋಡಿ, ಹೊಸ ಕಂತು ಬಂದಿದ್ದರೆ ಇಳಿಸಿಕೊಳ್ಳುತ್ತದೆ. 64 ಕೆಬಿಪಿಎಸ್ ಗುಣಮಟ್ಟದಲ್ಲಿ ಒಂದು ಗಂಟೆಯ ಮಾತು 29 ಎಂಬಿಯೊಳಗೆ ಕೂಡುತ್ತದೆ. ಅದೇ ಗಂಟೆಯ ವಿಡಿಯೊಗೆ ಅದರ ಎಷ್ಟೋ ಪಟ್ಟು ಡೇಟಾ ಬೇಕು. ಕುರ್ತಕೋಟಿಯಿಂದ ಗದಗಿನ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ಹುಡುಗಿ ರಾತ್ರಿ ಮನೆಯಲ್ಲಿ ಪಾಠ ಇಳಿಸಿಕೊಂಡು, ಬೆಳಿಗ್ಗೆ ದಾರಿಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಕೇಳಬಹುದು. ತಂತ್ರದ ಪ್ರಶ್ನೆ ಇಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಸಾಹಿತ್ಯ ವಿಮರ್ಶೆಯ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ: ಆ ಹುಡುಗಿಯ ಕಿವಿಗೆ ಬೀಳುವುದು ಪಾಠವೋ, ನೋಟ್ಸೋ?

ಕನ್ನಡ ಸಾಹಿತ್ಯದ ಧ್ವನಿಪಾಠಗಳನ್ನು ನಾನು ಕೆಲವು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಕುಮಾರವ್ಯಾಸನ ಪಾಠವೆಂದರೆ ಮೊದಲು ಕವಿಯ ಕಾಲ, ಸ್ಥಳ, ಕೃತಿ. ಆಮೇಲೆ ಹತ್ತು ಪರ್ವಗಳ ಹೆಸರು. ಆಮೇಲೆ ಭಾಮಿನಿ ಷಟ್ಪದಿಗೆ ಆರು ಸಾಲು, 102 ಮಾತ್ರೆ ಎಂಬ ಲಕ್ಷಣ. ಕೊನೆಗೆ ‘ರೂಪಕ ಚಕ್ರವರ್ತಿ’ ಎಂಬ ಬಿರುದು. ಬಿರುದು ಹೇಳಿ ಮುಗಿಯುವ ಹೊತ್ತಿಗೆ ಕಂತೂ ಮುಗಿದಿರುತ್ತದೆ. ಒಂದೇ ಒಂದು ರೂಪಕವನ್ನು ಎತ್ತಿಕೊಂಡು, ಅದು ಯುದ್ಧದ ಮಧ್ಯೆ ಏಕೆ ಬಂತು, ಯಾರ ಬಾಯಲ್ಲಿ ಬಂತು, ಅದನ್ನು ತೆಗೆದರೆ ಪದ್ಯ ಏನನ್ನು ಕಳೆದುಕೊಳ್ಳುತ್ತದೆ ಎಂದು ಬಿಡಿಸಿದ್ದು ಅಪರೂಪ. ತಪ್ಪು ಮಾಹಿತಿ ಇದೆಯೆಂದಲ್ಲ. ಮಾಹಿತಿಯೆಲ್ಲ ಸರಿಯಾಗಿಯೇ ಇದೆ. ಆದರೆ ಅದು ಅಚ್ಚಿನ ಹಾಳೆಯಲ್ಲಿ ಎರಡು ನಿಮಿಷಕ್ಕೆ ಕಣ್ಣಾಡಿಸಬಹುದಾದದ್ದು. ಅದನ್ನು ನಲವತ್ತು ನಿಮಿಷ ದನಿಯಲ್ಲಿ ಎಳೆದರೆ ಕಿವಿಗೆ ದಣಿವು, ಮನಸ್ಸಿಗೆ ಹಸಿವು.

ಇದೇ ಭಾಮಿನಿಯನ್ನು ದನಿಯಲ್ಲಿ ಕಲಿಸುವ ಬಗೆ ಬೇರೆ. ಮೇಷ್ಟ್ರು ಮೇಜಿನ ಮೇಲೆ ಬೆರಳು ತಟ್ಟಿ ಮೂರು–ನಾಲ್ಕು, ಮೂರು–ನಾಲ್ಕು ಎಂದು ಲಯ ತೋರಿಸಲಿ. ಮೂರನೆಯ ಮತ್ತು ಆರನೆಯ ಸಾಲುಗಳು ಹೇಗೆ ಒಂದೂವರೆ ಪಟ್ಟು ಉದ್ದವಾಗಿ, ಕೊನೆಯ ಗುರುವಿನ ಮೇಲೆ ನಿಲ್ಲುತ್ತವೆ ಎನ್ನುವುದನ್ನು ಓದಿಯೇ ಕೇಳಿಸಲಿ. ಬಳಿಕ ಅದೇ ಪದ್ಯವನ್ನು ಅರ್ಥಕ್ಕೆ ತಕ್ಕಂತೆ ಒಡೆದು ಓದಲಿ. ಗಣ ಮುಗಿಯುವ ಕಡೆ ಮಾತು ಮುಗಿಯುವುದಿಲ್ಲ, ಮಾತು ಮುಗಿಯುವ ಕಡೆ ಗಣ ಮುಗಿಯುವುದಿಲ್ಲ; ಎರಡರ ಎಳೆದಾಟದಲ್ಲಿ ಕುಮಾರವ್ಯಾಸನ ಓಟವಿದೆ ಎಂಬುದು ಆಗ ಯಾರೂ ಹೇಳದೆಯೇ ಕೇಳುಗರಿಗೆ ತಿಳಿಯುತ್ತದೆ. 102 ಎಂಬ ಸಂಖ್ಯೆ ಪರೀಕ್ಷೆಗೆ ಬೇಕಾದರೆ ಇರಲಿ. ಕಿವಿಗೆ ಬೇಕಾದದ್ದು ಈ ಓಟ. ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಹುಟ್ಟಿತೆಂದು ನಾವು ನಂಬಿಕೊಂಡು ಬಂದ ಈ ಕಾವ್ಯ ಶತಮಾನಗಳ ಕಾಲ ಗಮಕಿಗಳ ದನಿಯಲ್ಲಿ, ಅದಕ್ಕೆ ವ್ಯಾಖ್ಯಾನ ಹೇಳುವವರ ಮಾತಿನಲ್ಲಿ ಬದುಕಿದ್ದು. ಓದು ಮತ್ತು ವ್ಯಾಖ್ಯಾನ ಒಂದರ ಹಿಂದೊಂದು ಬರುವ ಆ ಕ್ರಮಕ್ಕಿಂತ ಒಳ್ಳೆಯ ಪಾಡ್‌ಕಾಸ್ಟ್ ಮಾದರಿ ನಮಗೆ ಹೊರಗಿನಿಂದ ಬರಬೇಕಾಗಿಲ್ಲ.

ವಿಶ್ವವಿದ್ಯಾಲಯ ತನ್ನ ಗೋಡೆಯ ಹೊರಗೆ ಮಾತಾಡುವುದು ಕನ್ನಡಕ್ಕೆ ಹೊಸದೂ ಅಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟ್ ಶಕ್ತಿಯ ಪ್ರಸಾರಯಂತ್ರ ಇಟ್ಟುಕೊಂಡು ರೇಡಿಯೊ ಕೇಂದ್ರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಅದರ ಹೆಸರು ಮುಂದೆ ಇಡೀ ದೇಶದ ರೇಡಿಯೊದ ಹೆಸರಾಯಿತು. ಮನೆಯೊಂದರಲ್ಲಿ ಕೂತ ಮೇಷ್ಟ್ರು ಊರಿಗೆ ಕೇಳುವಂತೆ ಮಾತನ್ನು ಹರಿಬಿಟ್ಟ ಆ ಸಾಹಸ ಇವತ್ತಿನ ಪಾಡ್‌ಕಾಸ್ಟಿಗೆ ತೀರ ಹತ್ತಿರದ್ದು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳೂ ಇದೇ ದಾರಿಯವು: ಅಧ್ಯಾಪಕರು ಊರುಗಳಿಗೆ ಹೋಗಿ ಕನ್ನಡದಲ್ಲಿ ವಿಜ್ಞಾನ, ಚರಿತ್ರೆ, ಕಾವ್ಯಗಳ ಬಗ್ಗೆ ಮಾತಾಡಿದರು, ಆ ಮಾತು ಕಡಿಮೆ ಬೆಲೆಯ ಸಣ್ಣ ಪುಸ್ತಕಗಳಾಗಿ ಅಚ್ಚಾಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಇಂಥ ಉಪನ್ಯಾಸಗಳ ಕಿರುಹೊತ್ತಗೆಗಳನ್ನು ಪ್ರಕಟಿಸಿತು. ಅದಕ್ಕೂ ಮೊದಲು, 1911ರಲ್ಲಿ, ಬಿ.ಎಂ. ಶ್ರೀಕಂಠಯ್ಯನವರು ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಮಾಡಿದ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಉಪನ್ಯಾಸವನ್ನು ಅಂದು ಕೇಳಿದವರು ಸಭಾಂಗಣದಲ್ಲಿದ್ದಷ್ಟೇ ಜನ. ಅದು ಬರಹವಾಗಿ ಉಳಿದಿದ್ದರಿಂದಲೇ ಇಂದಿಗೂ ನಾವು ಅದರ ಜೊತೆ ವಾದ ಮಾಡುತ್ತಿದ್ದೇವೆ.

ಈ ಉಪನ್ಯಾಸಗಳನ್ನು ಇಂದಿನ ನೋಟ್ಸ್ ಕಂತುಗಳ ಪಕ್ಕದಲ್ಲಿಟ್ಟರೆ ಒಂದು ವ್ಯತ್ಯಾಸ ಕಾಣುತ್ತದೆ. ಅವುಗಳಿಗೆ ಎದುರಿಗೊಬ್ಬ ಕೇಳುಗ ಇದ್ದ, ಹೇಳುವವನಿಗೆ ಒಂದು ನಿಲುವಿತ್ತು. ಪಠ್ಯಕ್ರಮವನ್ನು ‘ಕವರ್’ ಮಾಡುವುದು ಅವುಗಳ ಗುರಿಯಾಗಿರಲಿಲ್ಲ.

ಕುರ್ತಕೋಟಿಯ ಹೆಸರು ತೆಗೆದುಕೊಂಡದ್ದಕ್ಕೆ ಬಸ್ಸಿನ ದಾರಿಯೊಂದೇ ಕಾರಣವಲ್ಲ. ಹುಲಕೋಟಿಗೆ ಹತ್ತಿರದ ಈ ಊರಿನ ಹೆಸರು ವಿಮರ್ಶೆಯ ಓದುಗರಿಗೆ ಮನುಷ್ಯರೊಬ್ಬರ ಹೆಸರಾಗಿಯೇ ಹೆಚ್ಚು ಪರಿಚಿತ. ಗದಗಿನಲ್ಲಿ ಹುಟ್ಟಿದ ಕೀರ್ತಿನಾಥ ಕುರ್ತಕೋಟಿ (1928–2003) ‘ಯುಗಧರ್ಮ ಹಾಗೂ ಸಾಹಿತ್ಯದರ್ಶನ’ ಬರೆದವರು, ‘ಉರಿಯ ನಾಲಗೆ’ಗೆ 1995ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಆದರೆ ಅವರು ಹಲವು ವರ್ಷ ಪಾಠ ಹೇಳಿದ್ದು ಗುಜರಾತಿನಲ್ಲಿ, ಇಂಗ್ಲಿಷ್ ಸಾಹಿತ್ಯವನ್ನು. ಕನ್ನಡದ ದೊಡ್ಡ ವಿಮರ್ಶಕರೊಬ್ಬರ ತರಗತಿ ಕನ್ನಡದ ವಿದ್ಯಾರ್ಥಿಗಳಿಗೆ ಆ ವರ್ಷಗಳಲ್ಲಿ ದೂರವೇ ಇತ್ತು. ಧಾರವಾಡದ ಮನೋಹರ ಗ್ರಂಥಮಾಲೆಯ ಅಟ್ಟದಲ್ಲಿ ಅವರ ಮಾತು ಕೇಳಿದವರಿಗೆ ಅದು ಸಿಕ್ಕಿತು. ಹಾಗೆ ಸಿಕ್ಕವರಲ್ಲಿ ಗಿರೀಶ ಕಾರ್ನಾಡರೂ ಒಬ್ಬರು. ಕನ್ನಡದಲ್ಲಿ ಗಟ್ಟಿಯಾದ ಐತಿಹಾಸಿಕ ನಾಟಕಗಳಿಲ್ಲ ಎಂಬ ಕುರ್ತಕೋಟಿಯವರ ಅಭಿಪ್ರಾಯ ತಮ್ಮನ್ನು ‘ತುಘಲಕ್’ನತ್ತ ತಳ್ಳಿತೆಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ. ವಿಮರ್ಶಕನೊಬ್ಬ ಬಾಯಿಮಾತಿನಲ್ಲಿ ಕೊಟ್ಟ ತೀರ್ಪು ಒಂದು ನಾಟಕಕ್ಕೆ ದಾರಿಮಾಡಿತು.

ಪಾಠದಲ್ಲಿ ನಾವು ಹುಡುಕಬೇಕಾದದ್ದು ಇಂಥ ಮಾತನ್ನೇ. ‘ಇದು ನಮ್ಮಲ್ಲಿ ಇಲ್ಲ’, ‘ಈ ಪದ್ಯ ಇಲ್ಲಿ ಸೋಲುತ್ತದೆ’, ‘ಈ ಕತೆಯನ್ನು ನಾವು ಸುಮ್ಮನೆ ಹೊಗಳುತ್ತಿದ್ದೇವೆ’ ಎಂದು ಧೈರ್ಯವಾಗಿ ಹೇಳಿ, ಹಾಗೇಕೆಂದು ತೋರಿಸುವ ಮಾತು. ಮುಚ್ಚಿದ ತರಗತಿಯಲ್ಲಿ ಇಂಥ ಮಾತು ಹೇಳುವ ಮೇಷ್ಟ್ರು ಇವತ್ತಿಗೂ ಇದ್ದಾರೆ. ಮೈಕು ಕಂಡ ಕೂಡಲೇ ಅದೇ ಮೇಷ್ಟ್ರು ತಗ್ಗಿದ ದನಿಯಲ್ಲಿ ಹಾಳೆ ನೋಡಿ ಓದತೊಡಗುತ್ತಾರೆ. ಯಾರು ಕೇಳುತ್ತಾರೋ, ಯಾರು ಆಕ್ಷೇಪಿಸುತ್ತಾರೋ ಎಂಬ ಅಂಜಿಕೆ ಸಹಜ. ಆದರೆ ತೀರ್ಪನ್ನು ತೆಗೆದಿಟ್ಟ ಸಾಹಿತ್ಯಪಾಠದಲ್ಲಿ ಉಳಿಯುವುದು ಇಸವಿಗಳು ಮಾತ್ರ. ಅಂಥ ಕಂತನ್ನು ಸಾವಿರ ಜನ ಇಳಿಸಿಕೊಂಡರೂ ಅದರಿಂದ ಒಂದು ಹೊಸ ಓದು ಹುಟ್ಟುವುದಿಲ್ಲ.

ಕಾನೂನು ಕೂಡ ಇಲ್ಲಿ ವಿಮರ್ಶೆಯ ಪರವಾಗಿದೆ ಎಂಬುದನ್ನು ಅಧ್ಯಾಪಕರು ಗಮನಿಸಬೇಕು. 1957ರ ಭಾರತೀಯ ಹಕ್ಕುಸ್ವಾಮ್ಯ ಕಾಯ್ದೆಯಂತೆ ಲೇಖಕರು ತೀರಿಕೊಂಡ ನಂತರವೂ 60 ವರ್ಷ ಕೃತಿಯ ಹಕ್ಕು ಉಳಿದಿರುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳಿಗೆ 2041ರ ಕೊನೆಯವರೆಗೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳಿಗೆ 2054ರ ಕೊನೆಯವರೆಗೆ. ತರಗತಿಯೊಳಗಿನ ಬೋಧನೆಗೆ ಕಾಯ್ದೆ ಸಾಕಷ್ಟು ಸಡಿಲು ಕೊಟ್ಟಿದೆ; ಲೋಕಕ್ಕೆಲ್ಲ ತೆರೆದ ಫೀಡಿನಲ್ಲಿ ಇಡೀ ಕವನಸಂಕಲನ ಓದಿ ಹಾಕಲು ಮಾತ್ರ ಅನುಮತಿ ಬೇಕು. ಆದರೆ ವಿಮರ್ಶೆಗಾಗಿ ನ್ಯಾಯವಾದ ಮಟ್ಟಿಗೆ ಉದ್ಧರಿಸುವುದನ್ನು ಕಾಯ್ದೆಯೇ ಒಪ್ಪುತ್ತದೆ. ಅಂದರೆ ಪದ್ಯವನ್ನು ಸುಮ್ಮನೆ ಓದಿ ಮುಗಿಸುವ ಪಾಠಕ್ಕಿಂತ, ನಾಲ್ಕು ಸಾಲು ಎತ್ತಿಕೊಂಡು ಅದರ ಜೊತೆ ಗುದ್ದಾಡುವ ಪಾಠಕ್ಕೆ ಹೆಚ್ಚಿನ ಆಸರೆಯಿದೆ.

ಇನ್ನು ರೂಪದ ಮಾತು. ಬಹಳಷ್ಟು ಪಾಡ್‌ಕಾಸ್ಟುಗಳಲ್ಲಿ ಹೊಸ ಕಂತು ಮೇಲೆ, ಹಳೆಯದು ಕೆಳಗೆ. ಹರಟೆಗೆ, ಸುದ್ದಿಗೆ ಅದು ಒಪ್ಪುತ್ತದೆ. ಕೋರ್ಸಿಗೆ ಒಪ್ಪುವುದಿಲ್ಲ, ಪಂಪನನ್ನು ದಾಟಿ ಬಂದವರಿಗೆ ರನ್ನ ತಿಳಿದಷ್ಟು ನೇರ ರನ್ನನಿಗೆ ಬಿದ್ದವರಿಗೆ ತಿಳಿಯಲಾರ. ಮೊದಲ ಕಂತಿನಿಂದ ಕ್ರಮವಾಗಿ ಕೇಳಿಸುವ ‘ಸರಣಿ’ ಎಂಬ ಆಯ್ಕೆ ಇಂಥ ಸೇವೆಗಳಲ್ಲಿದೆ; ಸೆಮಿಸ್ಟರಿಗೊಂದು ‘ಸೀಸನ್’ ಎಂದು ಸಂಖ್ಯೆ ಕೊಡಬಹುದು. ಸಣ್ಣ ಸಂಗತಿಯೆನಿಸಿದರೂ ಮೇಷ್ಟ್ರು ಕೋರ್ಸಿನ ಬಗ್ಗೆ ಯೋಚಿಸಿದ್ದಾರೋ ಇಲ್ಲವೋ ಎಂಬುದು ಇಲ್ಲೇ ಗೊತ್ತಾಗುತ್ತದೆ. ‘ಯೂನಿಟ್ 2, ಭಾಗ 3’ ಎಂಬ ಕಂತಿಗೂ ‘ಕರ್ಣನ ಹುಟ್ಟನ್ನು ಕೃಷ್ಣ ಏಕೆ ಈಗ ಹೇಳಿದ?’ ಎಂಬ ಕಂತಿಗೂ ಅಜಗಜಾಂತರವಿದೆ. ಎರಡನೆಯದು ಕೇಳುಗರನ್ನು ಒಳಗೆ ಕರೆಯುತ್ತದೆ, ಮೇಷ್ಟ್ರನ್ನು ಉತ್ತರ ಹೇಳುವ ಹೊಣೆಗೆ ಕಟ್ಟಿಹಾಕುತ್ತದೆ.

ಕಿವಿಯ ಪಾಠದ ಹಿರಿಮೆಯನ್ನು ಗದಗಿನ ಜನಕ್ಕೆ ಹೇಳಿಕೊಡಬೇಕಾಗಿಲ್ಲ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು (1914–2010), ಇಬ್ಬರೂ ದೃಷ್ಟಿಯಿಲ್ಲದವರು, ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳಿಗೆ ವಿದ್ಯೆ ಕೊಟ್ಟರು. ಧ್ವನಿಪಾಠ ಅಂಥ ವಿದ್ಯಾರ್ಥಿಗಳಿಗೆ ವರವೇ ಸರಿ. ಆದರೆ ಕಿವುಡ ವಿದ್ಯಾರ್ಥಿಗೆ ಅದೇ ಪಾಠ ಮುಚ್ಚಿದ ಬಾಗಿಲು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯ ವರ್ಷಗಟ್ಟಲೆ ತನ್ನ ತರಗತಿಗಳ ಧ್ವನಿ ಮತ್ತು ವಿಡಿಯೊಗಳನ್ನು ಎಲ್ಲರಿಗೂ ತೆರೆದಿಟ್ಟಿತ್ತು. ಶ್ರವಣದೋಷವುಳ್ಳವರಿಗೆ ಅವು ಎಟುಕುವುದಿಲ್ಲ ಎಂಬ ದೂರನ್ನು ಅಲ್ಲಿನ ಸರಕಾರ ಎತ್ತಿಹಿಡಿದ ಮೇಲೆ, ಬರಹರೂಪ ಕೊಡುವ ಖರ್ಚನ್ನು ಹೊರಲೊಲ್ಲದೆ 2017ರಲ್ಲಿ 20,000ಕ್ಕೂ ಹೆಚ್ಚು ಪಾಠಗಳನ್ನು ಸಾರ್ವಜನಿಕರಿಂದ ಹಿಂತೆಗೆಯಿತು. ದೂರು ನ್ಯಾಯವಾದದ್ದು, ಕೊಟ್ಟ ಉತ್ತರ ಯಾರಿಗೂ ಒಳಿತು ಮಾಡಲಿಲ್ಲ. ಆರಂಭದಲ್ಲೇ ಮಾತಿನ ಜೊತೆ ಬರಹವನ್ನೂ ಇಟ್ಟಿದ್ದರೆ ಈ ಇಕ್ಕಟ್ಟು ಬರುತ್ತಿರಲಿಲ್ಲ. ನಮ್ಮ ಪ್ರಚಾರೋಪನ್ಯಾಸದ ಕಿರುಹೊತ್ತಗೆ ಮಾಡಿದ್ದು ಅದನ್ನೇ: ಮಾತು ಊರಿನಲ್ಲಿ, ಬರಹ ಕೈಯಲ್ಲಿ. ಪ್ರತಿ ಕಂತಿಗೂ ತಿದ್ದಿದ ಕನ್ನಡ ಬರಹವೊಂದು ಜೊತೆಗಿದ್ದರೆ ಕಿವುಡರಿಗೆ ಪಾಠ ಸಿಗುತ್ತದೆ, ಉಳಿದವರಿಗೆ ಮರುಓದು ಸಿಗುತ್ತದೆ, ಕೊನೆಗೆ ಒಂದು ಪುಸ್ತಕವೂ ಸಿಗುತ್ತದೆ.

ಪುಸ್ತಕದ ಮಾತು ಬಂದದ್ದರಿಂದ ಉಳಿವಿನ ಪ್ರಶ್ನೆ. ವಿಶ್ವವಿದ್ಯಾಲಯಗಳ ಪಾಠಗಳಿಗೆಂದೇ ಆ್ಯಪಲ್ ಕಂಪನಿ 2007ರಲ್ಲಿ ತೆರೆದ ‘ಐಟ್ಯೂನ್ಸ್ ಯು’ 2021ರ ಕೊನೆಗೆ ಮುಚ್ಚಿತು. ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ನಿಂತಿತು. ಬಾಡಿಗೆ ಮನೆಯಲ್ಲಿ ಗ್ರಂಥಾಲಯ ಕಟ್ಟಿದ ಹಾಗೆ. ಹೋಸ್ಟಿಂಗ್ ಸೇವೆ ಬಳಸಬಾರದು ಎಂದಲ್ಲ. ಫೀಡಿನ ವಿಳಾಸ ವಿಶ್ವವಿದ್ಯಾಲಯದ್ದೇ ಆಗಿರಲಿ, ಮೂಲ ಕಡತಗಳ ಪ್ರತಿ ಅದರ ಗ್ರಂಥಾಲಯದಲ್ಲಿ ಇರಲಿ. ಆಗ ಸೇವೆ ಬದಲಾದರೂ ಕೇಳುಗರು ಕಳೆದುಹೋಗುವುದಿಲ್ಲ. ಉಪನ್ಯಾಸಗಳನ್ನು ಅಚ್ಚುಹಾಕಿ, ಬೆಲೆ ಇಟ್ಟು, ಕಪಾಟಿನಲ್ಲಿ ಕಾಪಾಡಿದ ಪ್ರಸಾರಾಂಗಗಳು ಮಾಡಬೇಕಾದ ಕೆಲಸ ಇದು. ಒಬ್ಬ ಉತ್ಸಾಹಿ ಅಧ್ಯಾಪಕರ ಖಾಸಗಿ ಖಾತೆಗೆ ಬಿಟ್ಟರೆ ಅವರ ನಿವೃತ್ತಿಯೊಂದಿಗೆ ಪಾಸ್‌ವರ್ಡೂ ನಿವೃತ್ತಿಯಾಗುತ್ತದೆ.

ಹೊಣೆ ಅಧ್ಯಾಪಕರದ್ದು, ವಿಶ್ವವಿದ್ಯಾಲಯದ್ದು ಮಾತ್ರವಲ್ಲ. ಕಥಾಸಂಕಲನವೊಂದು ಬಂದರೆ ತಿಂಗಳೊಳಗೆ ನಾಲ್ಕು ವಿಮರ್ಶೆ ಬರೆಯುವ ನಾವು ಸಾರ್ವಜನಿಕವಾಗಿ ಪ್ರಕಟವಾದ ಪಾಠದ ಬಗ್ಗೆ ಒಂದು ಸಾಲನ್ನೂ ಬರೆಯುವುದಿಲ್ಲ. ಅದು ಪರೀಕ್ಷೆಯ ಸರಕು, ಸಾಹಿತ್ಯವಲ್ಲ ಎಂಬ ಭಾವನೆ. ಒಂದು ತಲೆಮಾರು ಕುಮಾರವ್ಯಾಸನನ್ನು, ಬೇಂದ್ರೆಯವರನ್ನು ಮೊದಲು ಎದುರುಗೊಳ್ಳುವುದೇ ಈ ದನಿಗಳ ಮೂಲಕ ಎಂದಾದರೆ, ಅವು ನಮ್ಮ ಕಾಲದ ಮುಖ್ಯ ವಿಮರ್ಶೆಯೇ ಹೌದು. ಯಾರ ಪಾಠದಲ್ಲಿ ಪದ್ಯ ತೆರೆದುಕೊಂಡಿತು, ಯಾರದರಲ್ಲಿ ಮುಚ್ಚಿಕೊಂಡಿತು ಎಂದು ಹೆಸರು ಹಿಡಿದು, ಮರ್ಯಾದೆಯಿಂದ ಬರೆಯುವವರು ಬೇಕು. ಈ ಪತ್ರಿಕೆಯನ್ನು ಓದುವ ವಿದ್ಯಾರ್ಥಿಗಳಿಂದಲೇ ಅದು ಶುರುವಾಗಲಿ. ಮುಂದಿನ ಕಂತು ಕೇಳಿ ಮುಗಿಸಿದಾಗ ಇಸವಿಗಳನ್ನು ಬದಿಗಿಟ್ಟು ಒಂದೇ ಪ್ರಶ್ನೆ ಹಾಕಿಕೊಳ್ಳಿ: ಇದನ್ನು ಕೇಳಿದ ಮೇಲೆ ಮೂಲ ಪದ್ಯಕ್ಕೆ ಮರಳಬೇಕು ಅನ್ನಿಸಿತೇ? ಅನ್ನಿಸಿದ್ದರೂ ಅನ್ನಿಸದಿದ್ದರೂ ಅದಕ್ಕೆ ಕಾರಣ ಹುಡುಕಿ ಒಂದು ಪುಟ ಬರೆಯಿರಿ.